ಸೊಸೆ ಕಾಕ್ ಹಾಕಲು ಹೇಳಿದ ಭಾನುವಾರ

"ಈ ಸ್ಕ್ರೂ ಇದೆಯಲ್ಲಾ ಅತ್ತೆ, ಇದನ್ನ ಮಾಡಿದವನ ಕೈಗೇ ಇದನ್ನ ಕೊಟ್ಟು, ಇದೇ ಓಣೀಲಿ, ಇದೇ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ 'ಬಿಚ್ಚಪ್ಪಾ ರಾಜಾ' ಅನ್ನಬೇಕು. ಆಗ ಗೊತ್ತಾಗುತ್ತೆ. ತಲೆ ನೋಡಿ ಇದರದ್ದು, ಸವೆದು ಸವೆದು ಬೋಳಾಗಿದೆ. ಸ್ಕ್ರೂಡ್ರೈವರ್ ಇಟ್ರೆ ಜಾರುತ್ತೆ, ಒತ್ತಿದ್ರೆ ಇನ್ನೂ ಸವೆಯುತ್ತೆ, ಬಿಟ್ರೆ ನನ್ನನ್ನೇ ನೋಡಿ ಹಲ್ಲು ಕಿರಿಯುತ್ತೆ. ಹತ್ತರ ಸ್ಪ್ಯಾನರ್ ದೊಡ್ಡದಾಯ್ತು, ಎಂಟರದ್ದು ಕೂರಲ್ಲ, ಒಂಬತ್ತರದ್ದು ಪೆಟ್ಟಿಗೇಲೇ ಇಲ್ಲ. ಕೊಡುವಾಗ ಅಂಗಡಿಯವನು ಹನ್ನೆರಡು ಸ್ಪ್ಯಾನರ್ ಇದೆ ಅಂದ. ಇದೆ, ಹನ್ನೆರಡೂ ಬೇರೆ ಯಾರದೋ ಗಾಡಿಗೆ. ವಿಡಿಯೋದಲ್ಲಿರೋ ಮಹಾಶಯ ಏನಂತಾನೆ ಕೇಳಿಸ್ಕೊಂಡ್ರಾ? 'ಈಗ ಕಾರ್ಬುರೇಟರನ್ನು ಸುಲಭವಾಗಿ ಹೊರತೆಗೆಯಿರಿ.' ಸುಲಭವಾಗಿ! ಅವನಿಗೆ ಕೆಳಗೆ ಗ್ರಾನೈಟು, ಮೇಲೆ ಫ್ಯಾನು, ಕೈಗೆ ಗ್ಲೌಸು. ಅವನು ಮುಟ್ಟಿದ್ದೆಲ್ಲಾ ಬೆಣ್ಣೆ ಥರ ಕಳಚ್ಕೊಂಡು ಬರುತ್ತೆ. ನಾನು ಮುಟ್ಟಿದ್ದು ಮಾತ್ರ ಹುಟ್ಟಿದಾಗಿನಿಂದ ನನ್ನ ಮೇಲೆ ಹಗೆ ಇಟ್ಕೊಂಡಿರುತ್ತೆ. ಎಂಟು ಗಂಟೆಗೆ ಕೂತೆ, ಈಗ ಹನ್ನೊಂದು. ಬಿಚ್ಚಿದ್ದು ಎರಡು ಬೋಲ್ಟು, ಕಿತ್ಕೊಂಡು ಬಂದಿದ್ದು ನನ್ನ ಗೆಣ್ಣಿನ ಚರ್ಮ. ವಾರವೆಲ್ಲಾ ಜನರ ರಕ್ತ ನಾನು ತೆಗೀತೀನಿ, ಭಾನುವಾರ ಬಂದ್ರೆ ಈ ಗಾಡಿ ನನ್ನ ರಕ್ತ ತೆಗೆಯುತ್ತೆ. ಅದೂ ಸೂಜಿ ಇಲ್ದೆ!"

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದವಳು ನನ್ನ ಸೊಸೆ. ಹೇಳುವಾಗ ಅವಳ ಮುಖ ನನ್ನ ಕಡೆ ಇರಲಿಲ್ಲ, ಗಾಡಿಯ ಹೊಟ್ಟೆಯ ಕಡೆ ಇತ್ತು. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ಅವಳು ಕೇಳಿದ್ದನ್ನು ಎತ್ತಿಕೊಡುತ್ತಿದ್ದೆ. ಅವಳಿಗೆ ಸಿಟ್ಟು ಬಂದಾಗ ಉತ್ತರ ಬೇಡ. ಕೇಳುವ ಕಿವಿ ಇದ್ದರೆ ಸಾಕು.

ಅವಳ ಕೆಲಸ ಮನೆ ಮನೆಗೆ ಹೋಗಿ ರಕ್ತದ ಮಾದರಿ ತರುವುದು. ಒಂದು ಪರೀಕ್ಷಾಲಯದವರು ಅವಳಿಗೆ ದಿನಾ ಹತ್ತು ಹನ್ನೆರಡು ವಿಳಾಸ ಕೊಡುತ್ತಾರೆ. ಬೆಳಗ್ಗೆ ಆರಕ್ಕೆ ಮೊದಲ ಮನೆ. ಎಲ್ಲಾ ಕಡೆ ಜನ ಹಿಂದಿನ ರಾತ್ರಿಯಿಂದ ಏನೂ ತಿನ್ನದೆ, ತೋಳು ಮಡಚಿಕೊಂಡು ಕಾಯುತ್ತಾ ಕೂತಿರುತ್ತಾರೆ. ಹಸಿದವರ ಮುಂದೆ ಐದು ನಿಮಿಷ ತಡವಾದರೂ ಐದು ಗಂಟೆ ತಡವಾದಂತೆ. ಬೀದಿಯ ಮಕ್ಕಳು ಅವಳನ್ನು ಸೂಜಿಯಕ್ಕ ಅನ್ನುತ್ತಾರೆ, ಹೆಲ್ಮೆಟ್ಟು ಕಂಡರೆ ಸಾಕು, ತೋಳು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಓಡುತ್ತಾರೆ. ಆದರೆ ಅವಳ ಕೈ ಬಲು ಹಗುರ. ನನ್ನ ಕೈಯ ನರ ಯಾರಿಗೂ ಸಿಗುವುದಿಲ್ಲ, ಆಸ್ಪತ್ರೆಯಲ್ಲಿ ನಾಲ್ಕು ಕಡೆ ಚುಚ್ಚಿ ಸೋಲುತ್ತಾರೆ. ಅವಳು ಮಾತಾಡುತ್ತಾ ಮಾತಾಡುತ್ತಾ ಒಂದೇ ಸಲಕ್ಕೆ ತೆಗೆದುಬಿಡುತ್ತಾಳೆ. ಅಂಥ ಕೈ ಸ್ಕ್ರೂಡ್ರೈವರ್ ಹಿಡಿದರೆ ಯಾಕೆ ಹೀಗಾಗುತ್ತದೋ ಕಾಣೆ.

ಗಾಡಿ ಅವಳದೇ. ಇನ್ನೊಬ್ಬರು ಓಡಿಸಿ ಬಿಟ್ಟ ಹಳೆಯ ಮೋಟಾರ್‌ಸೈಕಲ್ಲು. ನನ್ನ ಮಗ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ. ಅವಳ ಬೆನ್ನ ಹಿಂದೆ ಕೂತು, ತಿರುವು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮದುವೆಯಾದ ಹೊಸದರಲ್ಲಿ ನನಗೆ ಇದನ್ನು ನೋಡಿ ನಾಚಿಕೆಯಾಗಿತ್ತು. ಈಗ ನಗು ಬರುತ್ತದೆ.

ಎರಡು ತಿಂಗಳಿಂದ ಆ ಗಾಡಿ ದಾರಿಯಲ್ಲಿ ನಿಲ್ಲಲು ಶುರು ಮಾಡಿತ್ತು. ಕೆಮ್ಮುವುದು, ತಡವರಿಸುವುದು, ನಿಂತುಬಿಡುವುದು. ಅರ್ಧ ಗಂಟೆ ತಳ್ಳಿದ ಮೇಲೆ ಏನೂ ಆಗೇ ಇಲ್ಲ ಅನ್ನುವಂತೆ ಹೊರಡುವುದು. ಎರಡು ಸಲ ಮೊದಲ ಮನೆಗೇ ತಡವಾಯಿತು. ಒಬ್ಬ ಮುದುಕರು ಕಾದು ಕಾದು ತಲೆ ಸುತ್ತಿ ಕುರ್ಚಿಯಿಂದ ಬಿದ್ದರಂತೆ. ಪರೀಕ್ಷಾಲಯದ ಮೇಲ್ವಿಚಾರಕಿ ಅವಳನ್ನು ಕರೆದು, "ಇನ್ನೊಂದು ಸಲ ಹೀಗಾದರೆ ನಿನ್ನ ದಾರಿ ಬೇರೆಯವರಿಗೆ. ನೀನು ಕೆಳಗೆ ಕೂತು ಸೀಸೆಗಳಿಗೆ ಚೀಟಿ ಅಂಟಿಸು" ಅಂದಳು. ಕೆಳಗೆ ಅಂದರೆ ನೆಲಮಾಳಿಗೆ. ಕಿಟಕಿ ಇಲ್ಲ, ಟ್ಯೂಬ್‌ಲೈಟು ಮಾತ್ರ. ಆ ದಿನ ಮನೆಗೆ ಬಂದವಳು ಹೆಲ್ಮೆಟ್ಟನ್ನೂ ತೆಗೆಯದೆ, "ಅಲ್ಲಿ ಕೂರಿಸಿದ್ರೆ ನಾನು ಸತ್ತೇ ಹೋಗ್ತೀನಿ ಅತ್ತೆ" ಅಂದಳು. ಅವಳು ಹಾಗೆಲ್ಲ ಸಾಯುವ ಮಾತು ಆಡುವವಳಲ್ಲ.

ಮೂಲೆಯಲ್ಲಿ ಒಂದು ಗ್ಯಾರೇಜಿದೆ. ಗಾಡಿ ಕೆಮ್ಮಲು ಶುರು ಮಾಡುವ ಮುಂಚೆ ಒಮ್ಮೆ ಸರ್ವಿಸಿಗೆ ಬಿಟ್ಟಾಗ, ಅಲ್ಲಿ ಟ್ಯಾಂಕನ್ನೂ ಬಿಚ್ಚಿ ಎರಡು ದಿನ ಇರಿಸಿಕೊಂಡಿದ್ದರು. ಕೆಮ್ಮು ಶುರುವಾದ ಮೇಲೂ ಅಲ್ಲಿಗೇ ಮೂರು ಸಲ ಹೋದಳು. ಗ್ಯಾರೇಜಿನವನು ಮೂರು ಸಲವೂ "ಕಾರ್ಬುರೇಟರ್ ಕಸ" ಅಂದ, ಮೂರು ಸಲವೂ ತೊಳೆದುಕೊಟ್ಟ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕೆಮ್ಮು. ಮೂರನೆಯ ಸಲ ಇವಳು, "ಇದು ರಿಸರ್ವಿಗೆ ಹಾಕಿದಾಗಲೇ ನಿಲ್ಲುತ್ತೆ, ಅದನ್ನ ಸ್ವಲ್ಪ ನೋಡಿ" ಅಂದಳಂತೆ. ಅವನು ತಲೆಯನ್ನೂ ಎತ್ತದೆ, "ನಿಮಗೆ ಅದೆಲ್ಲಾ ಅರ್ಥ ಆಗಲ್ಲಮ್ಮಾ, ಯಜಮಾನ್ರನ್ನ ಕಳಿಸಿ, ಹೇಳ್ತೀನಿ" ಅಂದ. ಯಜಮಾನರಿಗೆ ಬ್ರೇಕು ಯಾವುದು, ಕ್ಲಚ್ಚು ಯಾವುದು ಗೊತ್ತಿಲ್ಲ! ಅವತ್ತೇ ಇವಳು ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಅಂದಳು. ಸ್ಪ್ಯಾನರ್ ಪೆಟ್ಟಿಗೆ ಬಂತು. ಭಾನುವಾರ ಬಂತು.

ನಮ್ಮ ಮನೆಗೂ ಕಾಂಪೌಂಡು ಗೋಡೆಗೂ ನಡುವೆ ಒಂದು ಓಣಿ ಇದೆ. ಗಾಡಿ ನಿಂತರೆ ಮನುಷ್ಯ ಅಡ್ಡವಾಗಿ ನಡೆಯಬೇಕು, ಅಷ್ಟೇ ಅಗಲ. ಆ ಓಣಿಯ ನೆಲ ಅಡುಗೆಮನೆಯ ಕಡೆಗೆ ಇಳಿಜಾರು. ನೀರು ಚೆಲ್ಲಿದರೆ ಸೀದಾ ಅಡುಗೆಮನೆ ಬಾಗಿಲ ಮುಂದಿನ ಚರಂಡಿಗೆ ಹೋಗುತ್ತದೆ. ಅಲ್ಲೇ ಅವಳ ಕಾರ್ಯಾಗಾರ.

ಬೋಳು ಸ್ಕ್ರೂ ಹನ್ನೆರಡೂವರೆಗೆ ಬಂತು. ಹೇಗೆ ಬಂತು ಅಂದರೆ, ಅವಳು ಸಿಟ್ಟಿನಲ್ಲಿ ಸುತ್ತಿಗೆಯಿಂದ ಎರಡು ಬಿಗಿದಳು, ಅದು ಹೆದರಿ ತಿರುಗಿತು. ಕಾರ್ಬುರೇಟರ್ ಕೈಗೆ ಬಂದ ಕೂಡಲೇ ಅದರೊಳಗಿಂದ ಒಂದು ಸಣ್ಣ ಸ್ಪ್ರಿಂಗು ಠಣ್ಣನೆ ಹಾರಿ ಎಲ್ಲಿಗೋ ಹೋಯಿತು. ಇಬ್ಬರೂ ಮಂಡಿಯೂರಿ ಹುಡುಕಿದೆವು. ಹೂವಿನ ಕುಂಡದ ಹಿಂದೆ ಸಿಕ್ಕಿತು. ನಾನು ನಗಬಾರದಾಗಿತ್ತು, ನಕ್ಕೆ.

"ನಗಿ ಅತ್ತೆ, ನಗಿ. ನಾಳೆ ನೆಲಮಾಳಿಗೇಲಿ ಕೂತು ಗೋಂದು ಹಚ್ಚುವಾಗ ನಾನೂ ನಗ್ತೀನಿ."

ಪೆಟ್ರೋಲ್ ಪೈಪಿನ ಬಾಯಿಗೆ ಧೂಳು ಹೋಗದಿರಲಿ ಎಂದು ಒಂದು ಬಟ್ಟೆ ಚೂರು ತುರುಕಿ, ಕಾರ್ಬುರೇಟರನ್ನು ಬಚ್ಚಲಿಗೆ ಒಯ್ದಳು. ಒಳಗಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನ ಸದ್ದು, ಅದರ ಜೊತೆ ಬೈಗುಳ. ನಡುವೆ ಅವಳಿಗೇನೋ ನೆನಪಾಯಿತು. ಅಲ್ಲಿಂದಲೇ ಕೂಗಿದಳು:

"ಅತ್ತೆ, ಪೆಟ್ರೋಲ್ ಕಾಕ್ ಹಾಕಿದೀನಾ ನೋಡಿ! ಇಲ್ಲಾಂದ್ರೆ ಹಾಕಿಬಿಡಿ!"

ಕಾಕ್ ಅಂದರೆ ಟ್ಯಾಂಕಿನ ಅಡಿಯಲ್ಲಿರುವ, ಪೆಟ್ರೋಲನ್ನು ಬಿಡುವ ಇಲ್ಲವೇ ತಡೆಯುವ ಪುಟ್ಟ ತಿರುಪು. ಅದು ಎಲ್ಲಿದೆ ಎಂದು ಬೆಳಗ್ಗೆ ಅವಳೇ ತೋರಿಸಿದ್ದಳು. ನಾನು ಹೋಗಿ ನೋಡಿದೆ. ಅಡ್ಡಕ್ಕೆ ನಿಂತಿತ್ತು. ಅಡ್ಡ ನಿಂತಿದೆ ಅಂದರೆ ಹಾಕಿಲ್ಲ ಅಂತಲೇ ತಾನೆ? ದೀಪ ಹಾಕು ಅಂದರೆ ಉರಿಸುವುದು, ಫ್ಯಾನು ಹಾಕು ಅಂದರೆ ತಿರುಗಿಸುವುದು. ನಾನು ಕಾಕ್ ಹಾಕಿದೆ. ಹಾಕುವುದಾದರೆ ಸರಿಯಾಗಿಯೇ ಹಾಕೋಣ ಎಂದು ಕೊನೆ ಮುಟ್ಟುವವರೆಗೂ ತಿರುಗಿಸಿದೆ. ಏನೂ ಆಗಲಿಲ್ಲ. "ಹಾಕಿದೀನಿ ಕಣೇ!" ಎಂದು ಕೂಗಿ ಹೇಳಿ, ಒಳಗೆ ಹೋಗಿ ಒಲೆ ಹಚ್ಚಿ ಊಟ ಬಿಸಿಗಿಟ್ಟೆ.

ನನ್ನ ಬೆನ್ನ ಹಿಂದೆ ಆ ಬಟ್ಟೆ ಚೂರು ನೆನೆದು, ಉಬ್ಬಿ, ಕಳಚಿ ಬಿದ್ದದ್ದು ನನಗೆ ಹೇಗೆ ಗೊತ್ತಾಗಬೇಕು?

ಮೊದಲು ವಾಸನೆ ಮೂಗಿಗೆ ಬಂತು. ಆಮೇಲೆ ಅವಳ ಕಿರುಚಾಟ:

"ಒಲೆ ಆರಿಸಿ! ಅತ್ತೆ, ಒಲೆ! ಮೊದಲು ಒಲೆ!"

ಆರಿಸಿದೆ. ಆರಿಸಿದ ಮೇಲೂ ಗುಂಡಿಯನ್ನು ಬಿಡದೆ ಹಿಡಿದೇ ನಿಂತಿದ್ದೆ. ತಿರುಗಿ ನೋಡಿದರೆ ಪೆಟ್ರೋಲು ಓಣಿಯುದ್ದಕ್ಕೂ ಹರಿದು ಅಡುಗೆಮನೆಯ ಹೊಸ್ತಿಲಿಗೆ ಮೂರು ಗೇಣು ದೂರದಲ್ಲಿತ್ತು. ಅವಳು ಬರಿಗಾಲಲ್ಲಿ ಓಡಿ ಬಂದು ಕಾಕನ್ನು ಅಡ್ಡಕ್ಕೆ ತಿರುಗಿಸಿದಳು. ಅಷ್ಟರಲ್ಲಿ ತಲೆಯ ಮೇಲಿನ ಬಾಲ್ಕನಿಯಲ್ಲಿ ಮಹಡಿ ಮನೆಯವರು ಊಟ ಮುಗಿಸಿ ಸಿಗರೇಟು ತುಟಿಗಿಟ್ಟು, ಕಡ್ಡಿ ಗೀರಲು ಕೈ ಎತ್ತಿದ್ದರು.

"ಗೀರಿದ್ರೆ ಎಲ್ಲರೂ ಒಟ್ಟಿಗೇ ಹೋಗ್ತೀವಿ ಸಾರ್! ಒಳಗೆ ಹೋಗಿ!"

ಅವರು ಸಿಗರೇಟನ್ನು ಜೇಬಿಗೆ ಹಾಕಿಕೊಂಡು, ಬಾಗಿಲು ಹಾಕಿಕೊಂಡು ಒಳಗೆ ಹೋದರು. ನಾವು ಮರಳು ಚೆಲ್ಲಿದೆವು. ಹಳೆಯ ಗೋಣಿ, ಹಳೆಯ ಸೀರೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಒತ್ತಿ ತೆಗೆದೆವು. ಕಣ್ಣು ಉರಿಯುತ್ತಿತ್ತು. ಗೋಣಿಯನ್ನೆಲ್ಲ ಗೇಟಿನಾಚೆ ಬಯಲಿಗೆ ಸಾಗಿಸಿ ಬಂದ ಮೇಲೆ, ಅವಳು ನನ್ನ ಎದುರು ನಿಂತಳು. ಈ ಮನೆಗೆ ಬಂದ ಒಂಬತ್ತು ವರ್ಷದಲ್ಲಿ ಅವಳು ನನ್ನ ಮೇಲೆ ಧ್ವನಿ ಎತ್ತಿದ್ದು ಅದೇ ಮೊದಲು.

"ಹಾಕಿ ಅಂದ್ರೆ ಬಿಡಿ ಅಂತಲಾ? ಬಾಗಿಲು ಹಾಕಿ ಅಂದ್ರೆ ಹಾರು ಹೊಡೆದು ತೆಗೆದಿಡ್ತೀರಾ? ಬೀಗ ಹಾಕಿ ಅಂದ್ರೆ?"

ನನಗೂ ಸಿಟ್ಟು ಬಂತು. ಹೆದರಿಕೊಂಡಾಗ ನನಗೆ ಸಿಟ್ಟೇ ಬರುವುದು.

"ದೀಪ ಹಾಕು ಅಂದ್ರೆ ಏನೇ ಮಾಡ್ತೀಯಾ? ಆರಿಸ್ತೀಯಾ? ಫ್ಯಾನು ಹಾಕು ಅಂದ್ರೆ ನಿಲ್ಲಿಸ್ತೀಯಾ? ಬಾಗಿಲಿಗೆ ಒಂದು, ದೀಪಕ್ಕೆ ಒಂದು, ನಿನ್ನ ಕಾಕಿಗೆ ಯಾವುದು ಅಂತ ನನಗೇನು ಕನಸು ಬೀಳುತ್ತಾ? ಮುಚ್ಚು ಅಂತ ಬಾಯಿ ತುಂಬಾ ಹೇಳೋದಕ್ಕೇನಾಗಿತ್ತು?"

"ಮುಚ್ಚು ಅಂತ ಹೇಳೋಕೆ ಅದೇನು ಪಾತ್ರೇನಾ?"

"ಅದು ಬಾಗಿಲೂ ಅಲ್ಲ!"

"ಮನೆ ಸುಟ್ಟು ಹೋಗ್ತಿತ್ತು ಅತ್ತೆ! ನೀವು ಸುಟ್ಟು ಹೋಗ್ತಿದ್ರಿ!"

ಅವಳು ತಿರುಗಿ ಗಾಡಿಯ ಪಕ್ಕ ಕೂತಳು. ನಾಳೆಗೆ ಒಂದು ತೊಟ್ಟು ಪೆಟ್ರೋಲಿಲ್ಲ. ಕಾರ್ಬುರೇಟರ್ ಬಚ್ಚಲಲ್ಲಿ ಹದಿನಾಲ್ಕು ತುಂಡಾಗಿ ಬಿದ್ದಿತ್ತು. ಗಂಟೆ ಎರಡಾಗಿತ್ತು. ಅವಳು ಪೈಪಿನ ತುದಿಯನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ಅಳುತ್ತಿರಲಿಲ್ಲ.

"ಅತ್ತೆ, ಇಲ್ಲಿ ಬನ್ನಿ. ಇದೇನು ನೋಡಿ."

ಪೈಪಿನ ಬಾಯಲ್ಲಿ ನಿಂತಿದ್ದ ಕೊನೆಯ ಹನಿ ಪೆಟ್ರೋಲಿನ ಬಣ್ಣದ್ದಲ್ಲ. ಕಂದು ಬಣ್ಣ, ಅದರಲ್ಲಿ ಸಣ್ಣ ಸಣ್ಣ ಚಕ್ಕೆ. ಅವಳು ಎದ್ದು ತನ್ನ ಕೆಲಸದ ಚೀಲದಿಂದ ಒಂದು ಖಾಲಿ ಗಾಜಿನ ಕೊಳವೆ ತಂದಳು, ರಕ್ತ ತುಂಬುವಂಥದ್ದು. ಕಾಕನ್ನು ಮತ್ತೆ ಕೊನೆವರೆಗೂ ತಿರುಗಿಸಿ, ಟ್ಯಾಂಕಿನ ತಳದಲ್ಲಿ ಉಳಿದಿದ್ದನ್ನು ಅದಕ್ಕೆ ಹಿಡಿದಳು. ಬೆಳಕಿಗೆ ಎತ್ತಿದರೆ ಕೊಳವೆಯೊಳಗೆ ಎರಡು ಭಾಗ. ಮೇಲೆ ಬೆರಳಗಲ ಪೆಟ್ರೋಲು, ಕೆಳಗೆಲ್ಲಾ ತುಕ್ಕು ನೀರು.

"ನೀರು" ಅಂದಳು. "ಟ್ಯಾಂಕಿನ ತಳದಲ್ಲಿ ನೀರು. ರಿಸರ್ವಿಗೆ ತಿರುಗಿಸಿದಾಗ ಗಾಡಿ ತಳದ್ದನ್ನ ಕುಡಿಯೋದು. ಅದಕ್ಕೇ ಆಗ ಮಾತ್ರ ನಿಲ್ತಿತ್ತು. ನಾನು ಹೇಳಿದ್ದೆ ಅವನಿಗೆ. ಬಾಯಿ ಬಿಟ್ಟು ಹೇಳಿದ್ದೆ!"

ಕಾಕಿನ ಕೊನೆಯೇ ಆ ರಿಸರ್ವು; ನಾನು ಅದನ್ನು ಮುಟ್ಟುವವರೆಗೂ ತಿರುಗಿಸದೆ ಇದ್ದಿದ್ದರೆ ಆ ತಳ ಹೊರಗೆ ಬರುತ್ತಿರಲಿಲ್ಲ. ಇದು ನನಗೆ ತಕ್ಷಣ ಹೊಳೆಯಿತು. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವಷ್ಟು ದಡ್ಡಿ ನಾನಲ್ಲ.

ಅವಳು ಟ್ಯಾಂಕಿನ ಮುಚ್ಚಳ ತೆಗೆದು ಮಗುಚಿ ನೋಡಿದಳು. ಮುಚ್ಚಳದ ಒಳಗೆ ಸುತ್ತ ಒಂದು ಗೆರೆಯಂಥ ಹಳ್ಳವಿತ್ತು, ಅಲ್ಲಿ ಏನೋ ಕೂರುವ ಜಾಗ. ಏನೂ ಇರಲಿಲ್ಲ. "ಇಲ್ಲಿ ರಬ್ಬರ್ ಉಂಗುರ ಇರಬೇಕು. ಟ್ಯಾಂಕು ಬಿಚ್ಚಿದಾಗ ಅವನೇ ತೆಗೆದಿದ್ದಾನೆ. ಮಳೆ ಬಂದಾಗಲೆಲ್ಲಾ ನೀರು ಸೀದಾ ಒಳಕ್ಕೆ." ಆಮೇಲೆ ಅವಳು ಒಂದು ಮಾತು ಬೈದಳು. ಅದನ್ನು ಬರೆಯುವುದಿಲ್ಲ. ಆದರೆ ಬೈದದ್ದು ಸರಿಯಾಗಿತ್ತು.

ಅವಳು ಆ ಕೊಳವೆಗೆ ಬಿರಟೆ ಹಾಕಿ, ಕೆಲಸದಲ್ಲಿ ಮಾಡುವ ಹಾಗೆಯೇ ಒಂದು ಚೀಟಿ ಅಂಟಿಸಿದಳು. ತಾರೀಖು ಬರೆದಳು, ಗಂಟೆ ಬರೆದಳು, ರೋಗಿಯ ಹೆಸರಿನ ಜಾಗದಲ್ಲಿ ಗಾಡಿಯ ನಂಬರು ಬರೆದಳು.

ಕಾರ್ಬುರೇಟರನ್ನು ಜೋಡಿಸಿ ಕೂರಿಸುವಷ್ಟರಲ್ಲಿ ನಾಲ್ಕೂವರೆ. ಎರಡು ಸಲ ಕೂರಿಸಿದಳು, ಯಾಕೆಂದರೆ ಮೊದಲ ಸಲ ಕೂರಿಸಿ ಮುಗಿದ ಮೇಲೆ ಒಂದು ವಾಷರು ತಟ್ಟೆಯಲ್ಲೇ ಉಳಿದಿತ್ತು. ಆಗ ಅವಳು ಬೈಯಲೂ ಇಲ್ಲ. ಹಲ್ಲು ಕಚ್ಚಿ ಮತ್ತೆ ಎಲ್ಲಾ ಬಿಚ್ಚಿದಳು. ನನ್ನ ಜೊತೆ ಮಾತಿಲ್ಲ. ಹತ್ತರ ಸ್ಪ್ಯಾನರ್ ಬೇಕಾದರೆ ನನ್ನ ಕಡೆ ನೋಡದೆ ಕೈ ಚಾಚುತ್ತಿದ್ದಳು, ನಾನು ಕೊಡುತ್ತಿದ್ದೆ.

ಬಂಕಿನಲ್ಲಿ ಸೀಸೆಗೆ ಪೆಟ್ರೋಲು ಕೊಡುವುದಿಲ್ಲ. ಗಾಡಿಯನ್ನೇ ತಳ್ಳಿಕೊಂಡು ಹೋಗಬೇಕು. ಅವಳು ಹ್ಯಾಂಡಲ್ ಹಿಡಿದಳು, ನಾನು ಹಿಂದಿನಿಂದ ಸೀಟಿಗೆ ಕೈ ಕೊಟ್ಟೆ. "ನೀವು ಬರೋದು ಬೇಡ" ಅಂದಳು. ನಾನು ಕೇಳಿಸದವಳ ಹಾಗೆ ತಳ್ಳಿದೆ. ದಾರಿ ಗ್ಯಾರೇಜಿನ ಮುಂದೆಯೇ.

ಗ್ಯಾರೇಜಿನವನು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನಮ್ಮನ್ನು ನೋಡಿ ಲೋಟ ಕೆಳಗಿಟ್ಟ.

"ಏನಮ್ಮಾ, ಅತ್ತೆ ಸೊಸೆ ಗಾಡೀನ ವಾಕಿಂಗ್ ಕರ್ಕೊಂಡು ಹೊರಟ್ರಾ?"

ಅವಳು ಸ್ಟ್ಯಾಂಡ್ ಹಾಕಿದಳು. ಚೀಲದಿಂದ ಕೊಳವೆ ತೆಗೆದು ಅವನ ಲೋಟದ ಪಕ್ಕದಲ್ಲಿ ಇಟ್ಟಳು. ಅವನು ಬಗ್ಗಿ ನೋಡಿದ.

"ಇದೇನಿದು, ಮೂತ್ರಾನಾ? ನಾನು ಅದೆಲ್ಲಾ ನೋಡಲ್ಲಮ್ಮಾ, ಡಾಕ್ಟ್ರ ಹತ್ರ ಹೋಗಿ."

"ಇದು ನಿಮ್ಮ ಕೈಗುಣ. ನೀವು ಮೂರು ಸಲ ತೊಳೆದುಕೊಟ್ಟ ಗಾಡಿಯ ಟ್ಯಾಂಕಿನಿಂದ ತೆಗೆದಿದ್ದು. ಮುಚ್ಚಳದ ರಬ್ಬರ್ ಎಲ್ಲಿ?"

ಅವನು ಅವಳನ್ನು ನೋಡಲಿಲ್ಲ, ಮುಚ್ಚಳ ನೋಡಿದ, ಆಕಾಶ ನೋಡಿದ. "ಹಳೇ ಗಾಡಿ, ಎಲ್ಲೋ ಬಿದ್ದಿರುತ್ತೆ. ನಿಮಗೆ ಹೇಳಿದ್ರೆ ಅರ್ಥ ಆಗಲ್ಲ. ಯಜಮಾನ್ರನ್ನ ಕಳಿಸಿ, ಅವರ ಹತ್ರ ಮಾತಾಡ್ತೀನಿ."

ಅವಳ ಕಿವಿ ಕೆಂಪಾಯಿತು. ಅವಳು ಬಾಯಿ ತೆರೆಯುವ ಮೊದಲೇ ನಾನು ಅಂದೆ, "ಯಜಮಾನ್ರನ್ನ ಹೆತ್ತವಳು ಇಲ್ಲೇ ಇದೀನಪ್ಪಾ. ಅವರಿಗಿಂತ ದೊಡ್ಡವಳು. ನನ್ನ ಹತ್ರ ಮಾತಾಡು. ರಬ್ಬರ್ ಎಲ್ಲಿ?"

ಅವನು ಗೊಣಗುತ್ತಾ ಎದ್ದ. ಎದ್ದವನು ಡಬ್ಬಿ ಹುಡುಕಲಿಲ್ಲ, ಕಪಾಟು ತೆರೆಯಲಿಲ್ಲ. ಪಕ್ಕದಲ್ಲಿ ರಿಪೇರಿಗೆ ನಿಂತಿದ್ದ ಯಾರದೋ ಗಾಡಿಯ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದ. ಉಗುರಿನಿಂದ ಅದರೊಳಗಿನ ರಬ್ಬರ್ ಉಂಗುರ ಕೀಳತೊಡಗಿದ. ಎಷ್ಟು ಸಲೀಸಾಗಿ ಕಿತ್ತನೆಂದರೆ, ಅದು ಅವನು ದಿನಾ ಮಾಡುವ ಕೆಲಸ ಅನ್ನಿಸಿತು.

ನಮ್ಮ ಉಂಗುರ ಎಲ್ಲಿಗೆ ಹೋಯಿತೆಂದು ಆಗ ಇಬ್ಬರಿಗೂ ತಿಳಿಯಿತು.

"ಕೈ ತೆಗಿ!" ಅವಳು ಕೂಗಿದ ಕೂಗಿಗೆ ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡಿದ್ದವನು ನೊರೆ ಸಮೇತ ಹೊರಗೆ ಬಂದ. "ಇಡು ಅದನ್ನ ವಾಪಸ್! ನಾಳೆ ಅವರ್ಯಾರೋ ನನ್ನ ಥರ ನಡುರಸ್ತೇಲಿ ನಿಂತ್ಕೊಂಡು ಅಳಬೇಕಾ? ಒಬ್ಬರದ್ದು ಕಿತ್ತು ಇನ್ನೊಬ್ಬರಿಗೆ, ಅವರದ್ದು ಕಿತ್ತು ಮತ್ತೊಬ್ಬರಿಗೆ! ಇದಾ ನಿಮ್ಮ ರಿಪೇರಿ? ಇದು ಅರ್ಥ ಆಗೋಕೆ ಯಜಮಾನ್ರು ಬೇಕಿತ್ತಾ ನನಗೆ? ಒಬ್ಬರು ಮುದುಕರು ಹಸಿದು ಕಾದು ಕುರ್ಚಿಯಿಂದ ಬಿದ್ರು, ಗೊತ್ತಾ ನಿಮಗೆ? ಇದೊಂದು ಉಂಗುರಕ್ಕೆ!"

ಅವನು ಉಂಗುರವನ್ನು ಇದ್ದಲ್ಲೇ ಒತ್ತಿದ. ನೊರೆಯವನು "ಅದು ನನ್ನ ಗಾಡಿಯಲ್ಲವಾ?" ಎಂದು ಹತ್ತಿರ ಬಂದ. ಆಮೇಲೆ ಗ್ಯಾರೇಜಿನವನಿಗೆ ತಗಡಿನ ಡಬ್ಬಿ ಎಲ್ಲಿದೆ ಎಂದು ನೆನಪಾಯಿತು. ಅದರೊಳಗೆ ಹೊಸ ಉಂಗುರಗಳು ದಾರದಲ್ಲಿ ಪೋಣಿಸಿದಂತಿದ್ದವು. ಒಂದನ್ನು ತೆಗೆದುಕೊಟ್ಟ. ಅವಳು ತಾನೇ ಕೂರಿಸಿ, ಬೆರಳಿನಿಂದ ಸುತ್ತಲೂ ಒತ್ತಿ ನೋಡಿ, ಮುಚ್ಚಳ ಬಿಗಿ ಮಾಡಿದಳು. ಕೊಳವೆಯನ್ನು ಅಲ್ಲೇ ಬಿಟ್ಟಳು. "ಇಟ್ಕೊಳ್ಳಿ. ಚೀಟಿ ಅಂಟಿಸಿದೀನಿ, ಯಾರದ್ದು ಅಂತ ಮರೆಯಲ್ಲ."

ಬಂಕಿನಲ್ಲಿ ಪೆಟ್ರೋಲು ಹಾಕಿಸಿದ ಮೇಲೂ ಗಾಡಿ ಒಂದೇ ಒದೆತಕ್ಕೆ ಏಳಲಿಲ್ಲ. ಒದ್ದಳು, ಒದ್ದಳು, ಬೆವರು ಒರೆಸಿಕೊಂಡು ಮತ್ತೆ ಒದ್ದಳು. ಪೆಟ್ರೋಲು ಹಾಕುವವನು "ಅಕ್ಕಾ, ನಾನು ಒದೀಲಾ?" ಅಂದ. ಅವಳು ನೋಡಿದ ನೋಟಕ್ಕೆ ಇನ್ನೊಂದು ಗಾಡಿಯ ಕಡೆ ಹೋದ. ಎಷ್ಟನೆಯ ಒದೆತಕ್ಕೋ ಗಾಡಿ ಒಮ್ಮೆ ಕೆಮ್ಮಿ, ಹೊಗೆ ಬಿಟ್ಟು, ಗುಡುಗುಡು ಅಂದಿತು. ಅವಳು ನಗಲಿಲ್ಲ. ರಿಸರ್ವಿಗೆ ತಿರುಗಿಸಿ, ಹಾಗೇ ಐದು ನಿಮಿಷ ಓಡಲು ಬಿಟ್ಟು, ಕಿವಿಗೊಟ್ಟು ನಿಂತಳು. ನಿಲ್ಲಲಿಲ್ಲ.

"ಕೂತ್ಕೊಳ್ಳಿ" ಅಂದಳು ನನಗೆ. ಮಧ್ಯಾಹ್ನದಿಂದ ಅವಳು ನನಗೆ ಮುಖ ಕೊಟ್ಟು ಆಡಿದ ಮೊದಲ ಮಾತು. ನಾನು ಕೂತೆ. ತಿರುವು ಬಂದಾಗ ಕಣ್ಣು ಮುಚ್ಚಲಿಲ್ಲ.

ಸೋಮವಾರ ಐದೂವರೆಗೆ ಹೊರಟಳು. ಆರಕ್ಕೆ ನನ್ನ ಫೋನು ಒಮ್ಮೆ ಬಡಿದು ನಿಂತಿತು. ತಲುಪಿದೆ ಎಂದು ಹಾಗೆ ಬಡಿದು ನಿಲ್ಲಿಸುವುದು ಅವಳ ರೂಢಿ. ನಾನು ಹಾಸಿಗೆ ಮಡಚುತ್ತಿದ್ದವಳು ಅಲ್ಲೇ ಕೂತುಬಿಟ್ಟೆ.

ಹನ್ನೊಂದಕ್ಕೆ ವಾಪಸು ಬಂದಳು. ಹೆಲ್ಮೆಟ್ಟು ತೆಗೆಯುವ ಮೊದಲೇ ಶುರು. "ಒಂಬತ್ತನೇ ಮನೆಯವರು ಬಾಳೆಹಣ್ಣು ತಿಂದಿದಾರೆ ಅತ್ತೆ! ಖಾಲಿ ಹೊಟ್ಟೆ ಅಂತ ಎರಡು ಸಲ ಫೋನ್ ಮಾಡಿ ಹೇಳಿದ್ದೆ. 'ಹಣ್ಣು ತಾನೇ, ಊಟ ಅಲ್ವಲ್ಲಾ' ಅಂತಾರೆ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಜನಕ್ಕೆ ಹೇಳಿದ ಮಾತು ಹೇಳಿದ ಹಾಗೆ ಯಾಕೆ ತಿಳಿಯಲ್ಲ?"

ಹೇಳುತ್ತಲೇ ಒಳಗೆ ಬಂದು, ಗೆಣ್ಣಿನ ಗಾಯಕ್ಕೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿ ಎಸೆದಳು. ನಿನ್ನೆಯ ಊಟದ್ದೂ ಇವತ್ತಿನ ತಿಂಡಿಯದ್ದೂ ಸೇರಿ ಪಾತ್ರೆ ತೊಟ್ಟಿಯ ತುಂಬ ಬಿದ್ದಿತ್ತು. ತೋಳು ಮೇಲಕ್ಕೆ ಮಡಚಿ, ತಳ ಹತ್ತಿದ ದೊಡ್ಡ ಪಾತ್ರೆಯನ್ನೇ ಮೊದಲು ಎಳೆದುಕೊಂಡು, ಗಸಗಸ ಉಜ್ಜತೊಡಗಿದಳು. ನಾನು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತು, ಅವಳು ತೊಳೆದುಕೊಟ್ಟ ತಟ್ಟೆಗಳನ್ನು ಒಂದೊಂದಾಗಿ ಒರೆಸಿ ಗೂಡಿನಲ್ಲಿ ಇಡುತ್ತಾ ಹೋದೆ.